ಕಾಫಿ ಸೀಮೆಯಲ್ಲಿ ದುಡಿಸುವ ವಿದ್ಯೆ: ಮುಂಗಡದಿಂದ ಮನವೊಲಿಕೆಯವರೆಗೆ

ಮನುಷ್ಯ ಏಕೆ ದುಡಿಯುತ್ತಾನೆ? ಹೊಟ್ಟೆಪಾಡಿಗಾಗಿ ಎಂಬ ಉತ್ತರ ಎಲ್ಲರಿಗೂ ಗೊತ್ತು. ಆದರೆ ಒಂದೇ ಕೂಲಿ ಪಡೆಯುವ ಇಬ್ಬರಲ್ಲಿ ಒಬ್ಬ ಮನಸ್ಸಿಟ್ಟು ಕೆಲಸ ಮಾಡುತ್ತಾನೆ, ಇನ್ನೊಬ್ಬ ಹೊತ್ತು ಕಳೆಯುತ್ತಾನೆ. ಈ ವ್ಯತ್ಯಾಸದ ಕಾರಣವನ್ನು ಹುಡುಕುತ್ತ ಇಪ್ಪತ್ತನೆಯ ಶತಮಾನದಲ್ಲಿ ಒಂದು ಶಾಸ್ತ್ರವೇ ಬೆಳೆಯಿತು. ಫ್ರೆಡರಿಕ್ ಟೇಲರ್, ಎಲ್ಟನ್ ಮೇಯೊ, ಅಬ್ರಹಾಂ ಮ್ಯಾಸ್ಲೊ, ಫ್ರೆಡರಿಕ್ ಹರ್ಜ್‌ಬರ್ಗ್, ಡಗ್ಲಾಸ್ ಮೆಕ್‌ಗ್ರೆಗರ್ ಮೊದಲಾದವರ ಹೆಸರುಗಳು ಇಂದು ಮ್ಯಾನೇಜ್‌ಮೆಂಟ್ ಓದುವ ಪ್ರತಿಯೊಬ್ಬ ವಿದ್ಯಾರ್ಥಿಯ ಬಾಯಲ್ಲೂ ಇವೆ. ಇವರು ನೋಡಿದ್ದು ಬಹುಮಟ್ಟಿಗೆ ಅಮೆರಿಕದ ಕಾರ್ಖಾನೆ ಮತ್ತು ಕಚೇರಿಗಳನ್ನು.

ಆದರೆ ನೂರಾರು ಜನರನ್ನು ಒಂದು ಕಡೆ ಸೇರಿಸಿ, ದಿನವೂ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹಚ್ಚುವ ಸಮಸ್ಯೆ ಕಾರ್ಖಾನೆಗಳಿಗೆ ಮಾತ್ರ ಸೇರಿದ್ದಲ್ಲ. ಟೇಲರನ ಪುಸ್ತಕ ಅಚ್ಚಾಗುವುದಕ್ಕೆ ಅರ್ಧ ಶತಮಾನಕ್ಕೂ ಮೊದಲೇ ಹಾಸನ ಜಿಲ್ಲೆಯ ಪಶ್ಚಿಮದ ಬೆಟ್ಟಸಾಲಿನಲ್ಲಿ, ಹೇಮಾವತಿಯ ಎರಡೂ ದಂಡೆಗಳ ಸಕಲೇಶಪುರ ಆಲೂರು ಸೀಮೆಯಲ್ಲಿ, ಕಾಫಿ ತೋಟದ ಒಡೆಯರು ಇದೇ ಪ್ರಶ್ನೆಯನ್ನು ಎದುರಿಸಬೇಕಾಯಿತು. ಅವರು ಕಂಡುಕೊಂಡ ಉತ್ತರಗಳು ಕಾಲಕಾಲಕ್ಕೆ ಬದಲಾದವು. ಹಾಗೆ ಬದಲಾದದ್ದು ಯಾವುದೋ ಸಿದ್ಧಾಂತವನ್ನು ಓದಿ ಅಲ್ಲ. ಆಳಿಗೆ ತೋಟ ಬಿಟ್ಟು ಹೋಗುವ ದಾರಿ ಎಷ್ಟು ತೆರೆದಿತ್ತು ಎಂಬುದರ ಮೇಲೆ ಒಡೆಯನ ಆಡಳಿತದ ರೀತಿ ನಿಂತಿತ್ತು. ಈ ದೃಷ್ಟಿಯಿಂದ ನೋಡಿದರೆ ಮಲೆನಾಡಿನ ತೋಟಗಳ ಇತಿಹಾಸ, ಪುಸ್ತಕದ ಸಿದ್ಧಾಂತಗಳಿಗೆ ಒಳ್ಳೆಯ ಒರೆಗಲ್ಲಾಗುತ್ತದೆ.

ತೋಟ ಬಂತು, ಆಳು ಎಲ್ಲಿ?

ಇಂದಿನ ಸಕಲೇಶಪುರ ತಾಲ್ಲೂಕಿಗೆ ಬ್ರಿಟಿಷರ ಕಾಲದ ದಾಖಲೆಗಳಲ್ಲಿ ಮಂಜರಾಬಾದ್ ಎಂದು ಹೆಸರು. ಟಿಪ್ಪು ಸುಲ್ತಾನ 1792ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಕೋಟೆಯ ಹೆಸರೇ ಸೀಮೆಗೂ ಬಂತು. 1843ರಲ್ಲಿ ಫ್ರೆಡರಿಕ್ ಗ್ರೀನ್ ಎಂಬ ಆಂಗ್ಲ ಪ್ಲಾಂಟರ್ ಇಲ್ಲಿ ಕಾಫಿ ತೋಟದ ಕೆಲಸ ಆರಂಭಿಸಿದ. 1850ರ ದಶಕದ ಮಧ್ಯದಲ್ಲಿ ರಾಬರ್ಟ್ ಎಲಿಯಟ್ ಬಂದ. ಈತ ಇಲ್ಲಿಯೇ ತೋಟ ಮಾಡಿ, ತನ್ನ ಅನುಭವಗಳನ್ನು 1871 ಮತ್ತು 1894ರಲ್ಲಿ ಪ್ರಕಟವಾದ ಎರಡು ಪುಸ್ತಕಗಳಲ್ಲಿ ಬರೆದಿಟ್ಟ. ಆ ಕಾಲದ ಮಂಜರಾಬಾದನ್ನು ತಿಳಿಯಬಯಸುವವರಿಗೆ ಇವು ಇಂದಿಗೂ ಆಕರಗಳು. ಸಾಹೇಬರ ತೋಟಗಳ ಜೊತೆಜೊತೆಗೆ ಸೀಮೆಯ ಗೌಡರೂ ಪಟೇಲರೂ ಕಾಫಿ ಹಾಕಿದರು.

ಭೂಮಿಗೆ ಕೊರತೆ ಇರಲಿಲ್ಲ. ನೆರಳಿಗೆ ಕಾಡುಮರ ಇತ್ತು, ಹೂಮಳೆ ಇತ್ತು. ಇಲ್ಲದೆ ಇದ್ದದ್ದು ಜನ. ಇದಕ್ಕೆ ಸ್ಥಳೀಯರ ಸೋಮಾರಿತನ ಕಾರಣವಾಗಿರಲಿಲ್ಲ, ಪಂಚಾಂಗ ಕಾರಣವಾಗಿತ್ತು. ಮಲೆನಾಡಿನ ಗದ್ದೆಯಲ್ಲಿ ಭತ್ತ ಕೊಯ್ಲಿಗೆ ಬರುವ ಹೊತ್ತಿಗೇ ಅರೇಬಿಕಾ ಕಾಫಿಯ ಹಣ್ಣು ಕೆಂಪಾಗುತ್ತದೆ. ನವೆಂಬರಿನಿಂದ ಜನವರಿಯವರೆಗೆ ಎರಡೂ ಕಡೆ ಕೈ ಬೇಕು. ಗದ್ದೆಯ ಕೆಲಸಕ್ಕಾದರೆ ಊರಿನಲ್ಲಿ ಹಿಂದಿನಿಂದ ಬಂದ ಏರ್ಪಾಟು ಇತ್ತು. ಇವತ್ತು ನಿನ್ನ ಗದ್ದೆಗೆ ನಾವು ಬರುತ್ತೇವೆ, ನಾಳೆ ನಮ್ಮ ಗದ್ದೆಗೆ ನೀನು ಬಾ ಎಂಬ ಮುಯ್ಯಾಳಿನ ಪದ್ಧತಿಯಲ್ಲಿ ಕೂಲಿಯ ಮಾತೇ ಇಲ್ಲ. ಬಾರದವನು ತನ್ನ ಸರದಿ ಬಂದಾಗ ಒಂಟಿಯಾಗುತ್ತಾನೆ ಎಂಬ ಅರಿವೇ ಅಲ್ಲಿ ಮೇಲ್ವಿಚಾರಣೆ. ಆದರೆ ಮುಯ್ಯಿ ತೀರಿಸುವುದು ಸರಿಸಮಾನರ ನಡುವೆ ಮಾತ್ರ ಸಾಧ್ಯ. ನೂರು ಎಕರೆಯ ಸಾಹೇಬ ಯಾರ ಗದ್ದೆಗೆ ಹೋಗಿ ನಾಟಿ ಮಾಡಬೇಕು?

ಹೀಗಾಗಿ ತೋಟದವರು ಬೇರೆ ಕಡೆ ನೋಡಿದರು. ಘಟ್ಟದ ಕೆಳಗಿನ ದಕ್ಷಿಣ ಕನ್ನಡದಲ್ಲಿ ಮಳೆಗಾಲದ ಭತ್ತದ ಕೊಯ್ಲು ಬೇಗ ಮುಗಿಯುತ್ತದೆ. ಅಲ್ಲಿಂದ ಮುಂದಿನ ಮಳೆಗಾಲದವರೆಗೆ ಬಡ ಕುಟುಂಬಗಳಿಗೆ ಕೆಲಸ ಕಡಿಮೆ. ಶಿರಾಡಿ, ಬಿಸಿಲೆ ದಾರಿಗಳಲ್ಲಿ ತುಳು ಮಾತನಾಡುವ ಜನ ಘಟ್ಟ ಹತ್ತಿ ಬಂದರು. ಪೂರ್ವದ ಬಯಲುಸೀಮೆಯಿಂದಲೂ, ತಮಿಳು ಸೀಮೆಯಿಂದಲೂ ಆಳುಗಳು ಬಂದರು. ಸ್ಥಳೀಯ ದಲಿತ ಕುಟುಂಬಗಳಲ್ಲಿ ಅನೇಕರು ಮೊದಲೇ ಜಮೀನುದಾರರ ಮನೆಗಳಲ್ಲಿ ಜೀತಕ್ಕಿದ್ದವರು, ಅವರ ದುಡಿಮೆಯೂ ತೋಟಕ್ಕೆ ಹರಿಯಿತು.

ಮುಂಗಡದ ಹಗ್ಗ

ಬೆಟ್ಟ ಹತ್ತಿ ಬರಲು ಜನರಿಗೆ ಏನು ಪ್ರೇರಣೆ? ಚಳಿಜ್ವರಕ್ಕೆ ಹೆಸರಾದ ಸೀಮೆಗೆ ಹೆಂಡತಿ ಮಕ್ಕಳೊಡನೆ ಬರುವುದು ಸುಲಭದ ಮಾತಾಗಿರಲಿಲ್ಲ. ಇಲ್ಲಿ ಬಳಕೆಗೆ ಬಂದ ಉಪಾಯವೇ ಮುಂಗಡ. ಮಳೆಗಾಲದಲ್ಲಿ ಮನೆಯ ಅಕ್ಕಿ ತೀರಿದಾಗ, ಮದುವೆಯೋ ಕಾಯಿಲೆಯೋ ಬಂದಾಗ ಮೇಸ್ತ್ರಿ ಹಣ ಕೊಡುತ್ತಿದ್ದ. ಹಣ ತೋಟದ್ದು, ಕೈ ಮೇಸ್ತ್ರಿಯದು. ಪಡೆದವನು ಸುಗ್ಗಿಯ ಹೊತ್ತಿಗೆ ತೋಟಕ್ಕೆ ಬಂದು ದುಡಿದು ತೀರಿಸಬೇಕು. ಕೂಲಿಯಲ್ಲಿ ಮುರಿದುಕೊಂಡ ಮೇಲೂ ಬಾಕಿ ಉಳಿದರೆ ಅದು ಮುಂದಿನ ವರ್ಷದ ಲೆಕ್ಕಕ್ಕೆ. ಬಾಕಿ ಇದ್ದವನು ಬೇರೆ ತೋಟಕ್ಕೆ ಹೋಗುವಂತಿಲ್ಲ.

ಈ ಮಧ್ಯವರ್ತಿಗೆ ತಮಿಳರ ತೋಟಗಳಲ್ಲಿ ಕಂಗಾಣಿ ಎಂದು ಹೆಸರು, ನಮ್ಮಲ್ಲಿ ಮೇಸ್ತ್ರಿ. ಮಲೆನಾಡಿನ ಇನ್ನೂ ಉತ್ತರಕ್ಕೆ ಹೋದರೆ ಸೇರೆಗಾರ. ಕುವೆಂಪು ಅವರ 'ಕಾನೂರು ಹೆಗ್ಗಡಿತಿ'ಯನ್ನು ಓದಿದವರಿಗೆ ಘಟ್ಟದ ಕೆಳಗಿನಿಂದ ಆಳುಗಳನ್ನು ತಂದಿಟ್ಟುಕೊಂಡ ಸೇರೆಗಾರ ರಂಗಪ್ಪ ಸೆಟ್ಟಿ ನೆನಪಿರಬಹುದು. ಆ ಕಾದಂಬರಿ ತೀರ್ಥಹಳ್ಳಿ ಕಡೆಯದಾದರೂ ವ್ಯವಸ್ಥೆಯ ಸ್ವರೂಪ ಒಂದೇ. ಮೇಸ್ತ್ರಿಗೆ ತನ್ನ ಆಳುಗಳ ಹಾಜರಿಯ ಮೇಲೆ ತಲೆಗಿಷ್ಟು ಎಂದು ಕಮಿಷನ್ ಸಿಗುತ್ತಿತ್ತು. ಆದ್ದರಿಂದ ಆಳು ಕೆಲಸಕ್ಕೆ ಬರುವುದರಲ್ಲಿ ಒಡೆಯನಷ್ಟೇ ಆಸಕ್ತಿ ಅವನಿಗೂ ಇತ್ತು.

ಹಗ್ಗ ಬಿಗಿಯಾಗಿಸಲು ಕಾನೂನೂ ನೆರವಿಗೆ ಬಂತು. 1859ರಲ್ಲಿ ಬ್ರಿಟಿಷ್ ಸರ್ಕಾರ ಕರಾರು ಮುರಿಯುವ ಕೆಲಸಗಾರರ ಬಗ್ಗೆ ಒಂದು ಕಾಯ್ದೆ ಮಾಡಿತು. ಮುಂಗಡ ಪಡೆದು ಕೆಲಸಕ್ಕೆ ಬಾರದವನಿಗೆ ಹಣ ಹಿಂದಿರುಗಿಸು ಅಥವಾ ಕೆಲಸ ಮಾಡು ಎಂದು ಮ್ಯಾಜಿಸ್ಟ್ರೇಟ್ ಆಜ್ಞೆ ಮಾಡಬಹುದಿತ್ತು. ಆಜ್ಞೆ ಮೀರಿದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಸಾಮಾನ್ಯ ಸಾಲಗಾರ ಸಾಲ ತೀರಿಸದಿದ್ದರೆ ಸಿವಿಲ್ ವ್ಯಾಜ್ಯ, ಕೂಲಿಯವನು ತೀರಿಸದಿದ್ದರೆ ಅಪರಾಧ! ದಕ್ಷಿಣ ಭಾರತದ ಪ್ಲಾಂಟರುಗಳಿಗೆ ಇದು ದೊಡ್ಡ ಆಸರೆಯಾಯಿತು. ಆದರೂ ಮುಂಗಡದ ಹಣ ಕೈತಪ್ಪುವ ಚಿಂತೆ ಅವರನ್ನು ಬಿಡಲಿಲ್ಲ. ಮಂಜರಾಬಾದಿನ ತೋಟ ಇದ್ದದ್ದು ಮೈಸೂರು ಸಂಸ್ಥಾನದಲ್ಲಿ, ಘಟ್ಟದ ಕೆಳಗಿನ ಆಳಿನ ಮನೆ ಇದ್ದದ್ದು ಮದ್ರಾಸ್ ಪ್ರಾಂತ್ಯದಲ್ಲಿ. ರಾತ್ರಿ ಘಟ್ಟ ಇಳಿದವನನ್ನು ಹುಡುಕುವುದು ಎಂದರೆ ಎರಡು ಸರ್ಕಾರಗಳ ನಡುವಿನ ಕೆಲಸ. 1893ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ಲಾಂಟರುಗಳ ಸಂಯುಕ್ತ ಸಂಘ ಹುಟ್ಟಿದಾಗ ಆಳು ಮತ್ತು ಮುಂಗಡದ ಸಮಸ್ಯೆ ಅದರ ಮುಖ್ಯ ಚಿಂತೆಗಳಲ್ಲಿ ಒಂದಾಗಿತ್ತು. 1859ರ ಕಾಯ್ದೆ ರದ್ದಾದದ್ದು 1926ರಲ್ಲಿ. ನೆರೆಯ ಕೊಡಗಿನಲ್ಲಿ ಅದರ ಜಾಗಕ್ಕೆ ಅದೇ ವರ್ಷ ಬಂದ ಬೇರೊಂದು ಕಾಯ್ದೆ 1931ರವರೆಗೆ ನಡೆಯಿತು.

ಮೆಕ್‌ಗ್ರೆಗರ್ 1960ರಲ್ಲಿ ಬರೆದ ಪುಸ್ತಕದಲ್ಲಿ ಆಡಳಿತಗಾರರ ಮನಸ್ಸಿನಲ್ಲಿರುವ ಎರಡು ನಂಬಿಕೆಗಳನ್ನು 'ಎಕ್ಸ್' ಮತ್ತು 'ವೈ' ಎಂದು ಹೆಸರಿಸಿ ವಿಂಗಡಿಸಿದ. ಮನುಷ್ಯ ಸ್ವಭಾವತಃ ಕೆಲಸಗಳ್ಳ, ಹೆದರಿಸಿ ಬೆದರಿಸಿಯೇ ದುಡಿಸಬೇಕು ಎಂಬುದು ಮೊದಲನೆಯದು. ಅವಕಾಶ ಕೊಟ್ಟರೆ ಮನುಷ್ಯ ತಾನೇ ಹೊಣೆ ಹೊತ್ತು ದುಡಿಯುತ್ತಾನೆ ಎಂಬುದು ಎರಡನೆಯದು. ಮುಂಗಡ ಮತ್ತು ಸಜೆಯ ಕಾಲದ ತೋಟ ಮೊದಲನೆಯ ನಂಬಿಕೆಯ ಮೇಲೆ ನಿಂತಿತ್ತು. ಆದರೆ ತೋಟದಿಂದ ತಪ್ಪಿಸಿಕೊಂಡು ಊರಿಗೆ ಓಡಿದವನು ಮಾಡಿದ್ದೇನು? ಮಳೆ ಹಿಡಿಯುವ ಮುಂಚೆ ತನ್ನ ಗದ್ದೆಯನ್ನು ಉತ್ತು ಹಸನು ಮಾಡಲು ಓಡಿದ. ಅಲ್ಲಿ ಅವನು ಬೆಳಗಿನಿಂದ ಕತ್ತಲಾಗುವವರೆಗೆ ಯಾರ ಕಾವಲೂ ಇಲ್ಲದೆ ದುಡಿಯುತ್ತಿದ್ದ. ಸೋಮಾರಿತನ ಅವನ ಮೈಯಲ್ಲಿರಲಿಲ್ಲ. ಸಾಲ ಅವನ ಮೈಯನ್ನು ತೋಟಕ್ಕೆ ತಂದಿತು, ಮನಸ್ಸನ್ನು ತರಲಿಲ್ಲ. ಅದಕ್ಕಾಗಿಯೇ ಪ್ರತಿ ಗುಂಪಿನ ಹಿಂದೆ ಕೋಲು ಹಿಡಿದ ಮೇಸ್ತ್ರಿ ನಿಲ್ಲಬೇಕಾಯಿತು.

ಗುಂಡಿಗೆ ಲೆಕ್ಕ, ಬುಟ್ಟಿಗೆ ತೂಕ

ಕಾವಲಿನ ಜೊತೆಗೆ ಇನ್ನೊಂದು ಉಪಾಯವೂ ತೋಟದಲ್ಲಿತ್ತು, ಅದು ಲೆಕ್ಕದ ಕೆಲಸ. ಗಿಡ ನೆಡಲು ದಿನಕ್ಕೆ ಇಷ್ಟು ಗುಂಡಿ ತೆಗೆಯಬೇಕು, ಇಷ್ಟು ಸಾಲು ಕಳೆ ಕೊಚ್ಚಬೇಕು, ಮುಗಿಸಿದವನು ಮನೆಗೆ ಹೋಗಬಹುದು. ಅಮೆರಿಕದ ಟೇಲರ್ 1911ರಲ್ಲಿ 'ವೈಜ್ಞಾನಿಕ ನಿರ್ವಹಣೆ' ಎಂದು ಸಾರಿದ್ದರ ಒಂದು ಮುಖ್ಯ ಅಂಶ ಇದೇ. ಬೆತ್ಲೆಹೆಮ್ ಉಕ್ಕಿನ ಕಂಪನಿಯಲ್ಲಿ ಕಬ್ಬಿಣದ ತುಂಡುಗಳನ್ನು ಹೊತ್ತು ಗಾಡಿಗೆ ಹಾಕುವ ಆಳು ದಿನಕ್ಕೆ 12.5 ಟನ್ ಹೊರುತ್ತಿದ್ದವನು, ತಾನು ಹೇಳಿಕೊಟ್ಟಂತೆ ಮಾಡಿ 47.5 ಟನ್ ಹೊತ್ತನೆಂದು ಟೇಲರ್ ಬರೆದ. ಕೂಲಿ ಏರಿದ್ದು 1.15 ಡಾಲರಿನಿಂದ 1.85 ಡಾಲರಿಗೆ. ಕೆಲಸ ಸುಮಾರು ನಾಲ್ಕು ಪಟ್ಟು, ಕೂಲಿ ನೂರಕ್ಕೆ ಅರವತ್ತರಷ್ಟು ಹೆಚ್ಚು. ಟೇಲರನ ಮಟ್ಟಿಗೆ ಇದು ಇಬ್ಬರಿಗೂ ಲಾಭ. ಕಾರ್ಮಿಕ ಸಂಘಗಳು ಮಾತ್ರ ಹಾಗೆ ಭಾವಿಸಲಿಲ್ಲ.

ಕಬ್ಬಿಣ ಹೊರುವುದಕ್ಕೂ ಕಾಫಿ ಕೊಯ್ಯುವುದಕ್ಕೂ ಒಂದು ವ್ಯತ್ಯಾಸವಿದೆ. ಕಬ್ಬಿಣದ ತುಂಡಿನಲ್ಲಿ ಕಾಯಿ, ಹಣ್ಣು ಎಂಬ ಭೇದ ಇಲ್ಲ. ಅರೇಬಿಕಾ ಗಿಡದಲ್ಲಿ ಎಲ್ಲ ಹಣ್ಣೂ ಒಟ್ಟಿಗೆ ಮಾಗುವುದಿಲ್ಲ. ಮೊದಲ ಸುತ್ತಿನಲ್ಲಿ ಅಲ್ಲೊಂದು ಇಲ್ಲೊಂದು ಕೆಂಪಾದದ್ದನ್ನು ಆರಿಸಬೇಕು. ಆಮೇಲೆ ಮುಖ್ಯ ಕೊಯ್ಲು, ಕೊನೆಗೆ ಉಳಿದದ್ದನ್ನೆಲ್ಲ ಬಿಡಿಸುವುದು, ನೆಲಕ್ಕೆ ಉದುರಿದ್ದನ್ನು ಹೆಕ್ಕುವುದು. ಮೊದಲ ಸುತ್ತಿನಲ್ಲಿ ತೂಕಕ್ಕೆ ಕೂಲಿ ಕೊಟ್ಟರೆ ಕೊಯ್ಯುವವಳು ದಿನವಿಡೀ ಅಲೆದರೂ ಬುಟ್ಟಿ ತುಂಬುವುದಿಲ್ಲ. ಆಗ ಅವಳು ಹಸಿರು ಕಾಯಿಯನ್ನೂ ಸೇರಿಸುತ್ತಾಳೆ, ರೆಂಬೆಯನ್ನೇ ಸವರಿ ಎಳೆಯುತ್ತಾಳೆ. ಮುಂದಿನ ವರ್ಷದ ಮೊಗ್ಗಿಗೂ ಪೆಟ್ಟು, ಪಲ್ಪರಿಗೆ ಹೋಗುವ ಹಣ್ಣಿನ ಗುಣಕ್ಕೂ ಪೆಟ್ಟು. ಆದ್ದರಿಂದ ಅನುಭವಸ್ಥ ತೋಟದವರು ಮೊದಲ ಸುತ್ತಿಗೆ ದಿನಗೂಲಿ, ಹಣ್ಣು ತುಂಬಿದ ಮೇಲೆ ಕಿಲೋ ಲೆಕ್ಕ ಎಂದು ಮಾಡಿಕೊಂಡರು. ಸಂಜೆ ಕಣದಲ್ಲಿ ತೂಕ ಹಾಕುವಾಗ ಕಾಯಿ ಆರಿಸಿ ಬೇರೆ ಮಾಡಿಸುವುದೂ ಇದಕ್ಕಾಗಿಯೇ.

ಇದರಿಂದ ಒಂದು ಪಾಠ ಸಿಗುತ್ತದೆ. ಯಾವುದಕ್ಕೆ ಹಣ ಕೊಡುತ್ತೇವೆಯೋ ಅದು ಹೆಚ್ಚು ಸಿಗುತ್ತದೆ, ಯಾವುದನ್ನು ಅಳೆಯುವುದಿಲ್ಲವೋ ಅದು ಹಾಳಾಗುತ್ತದೆ. ಚಿಗುರು ತೆಗೆಯುವುದು, ಗಿಡ ಕಸಿ ಮಾಡುವುದು, ಕಾಂಡಕೊರಕ ಹಿಡಿದ ಗಿಡ ಪತ್ತೆ ಮಾಡುವುದು ಇವೆಲ್ಲ ಕಣ್ಣು ಮತ್ತು ತಿಳಿವಳಿಕೆಯ ಕೆಲಸಗಳು. ಇವುಗಳನ್ನು ಲೆಕ್ಕಕ್ಕೆ ಹಚ್ಚಿದರೆ ಲೆಕ್ಕ ಸರಿಯಿರುತ್ತದೆ, ಗಿಡ ಸರಿಯಿರುವುದಿಲ್ಲ.

ಗುಂಪಿನ ಗುಟ್ಟು

ಚಿಕಾಗೊ ಬಳಿಯ ಹಾಥಾರ್ನ್‌ನಲ್ಲಿದ್ದ ಟೆಲಿಫೋನ್ ಉಪಕರಣಗಳ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಪ್ರಯೋಗಗಳು ಪ್ರಸಿದ್ಧ. ಬೆಳಕು, ವಿರಾಮ, ಕೆಲಸದ ಅವಧಿ ಇವುಗಳನ್ನು ಬದಲಿಸಿ ಉತ್ಪಾದನೆ ಅಳೆದರು. ಬೇರೆಯಾಗಿ ಕೂಡಿಸಿದ ಸಣ್ಣ ಗುಂಪಿನ ಹೆಣ್ಣುಮಕ್ಕಳು ಹೆಚ್ಚು ಕೆಲಸ ಮಾಡಿದರು. ತಮ್ಮನ್ನು ಗಮನಿಸುತ್ತಿದ್ದಾರೆ, ತಮ್ಮ ಮಾತು ಕೇಳುತ್ತಾರೆ ಎಂಬ ಭಾವನೆಯೇ ಇದಕ್ಕೆ ಕಾರಣ ಎಂದು ಎಲ್ಟನ್ ಮೇಯೊ ಮತ್ತು ಅವನ ಜೊತೆಗಾರರು ವ್ಯಾಖ್ಯಾನಿಸಿದರು. ನಂತರದ ವಿದ್ವಾಂಸರು ಈ ತೀರ್ಮಾನವನ್ನು ಪ್ರಶ್ನಿಸಿದ್ದಾರೆ. ಅದೇ ಕಾರ್ಖಾನೆಯ ಇನ್ನೊಂದು ಕೋಣೆಯ 14 ಗಂಡಸರ ಕಥೆ ಅಷ್ಟು ಜನಪ್ರಿಯವಲ್ಲ. ಹೆಚ್ಚು ಮಾಡಿದರೆ ಹೆಚ್ಚು ಹಣ ಎಂದಿದ್ದರೂ ಅವರು ತಮ್ಮೊಳಗೇ ಒಂದು ಮಿತಿ ಹಾಕಿಕೊಂಡು ಅದನ್ನು ಮೀರಿದವನನ್ನು ಹಂಗಿಸುತ್ತಿದ್ದರು. ಇಂದು ಹೆಚ್ಚು ಮಾಡಿದರೆ ನಾಳೆ ಅದೇ ಕಡ್ಡಾಯವಾಗುತ್ತದೆ ಎಂಬ ಭಯ ಅವರಿಗೆ.

ಕಾಫಿ ತೋಟ ಬಲ್ಲವರಿಗೆ ಈ ಎರಡರಲ್ಲೂ ಆಶ್ಚರ್ಯ ಇಲ್ಲ. ಇಲ್ಲಿ ಕೆಲಸ ಮೊದಲಿನಿಂದಲೂ ಗುಂಪಿನದು. ಮೇಸ್ತ್ರಿ ಕರೆತಂದವರು ಅವನ ಊರಿನವರು, ಹಲವರು ನೆಂಟರು. ಅವನು ಅವರಿಗೆ ಸಾಲಗಾರನೂ ಹೌದು, ಕಾಯಿಲೆ ಬಿದ್ದಾಗ ರೈಟರ ಬಳಿ ರಜೆ ಕೇಳುವವನೂ ಹೌದು, ಬಟವಾಡೆಯ ದಿನ ಲೆಕ್ಕ ತಪ್ಪಿದರೆ ಜಗಳವಾಡುವವನೂ ಹೌದು. ಒಡೆಯನಿಗೂ ಆಳಿಗೂ ಮಾತೇ ಬೆಳೆಯದ ಕಾಲದಲ್ಲಿ, ಒಬ್ಬನದು ಇಂಗ್ಲಿಷ್, ಇನ್ನೊಬ್ಬನದು ತುಳು ಆಗಿದ್ದಾಗ, ನಡುವೆ ನಿಂತ ಈ ಮನುಷ್ಯನೇ ಆಡಳಿತವಾಗಿದ್ದ. ಶೋಷಣೆಯ ಕೊಂಡಿಯೂ ಅವನೇ, ರಕ್ಷಣೆಯ ಕೊಂಡಿಯೂ ಅವನೇ. ತೋಟದ ಕೆಲಸ ನಡೆದದ್ದು ಬಹುಪಾಲು ಒಡೆಯನ ಮಾತಿನಿಂದಲ್ಲ, ಗುಂಪಿನ ಒಳಗಿನ ಮರ್ಯಾದೆಯಿಂದ. ಜೊತೆಯವಳು ಒಂದು ಸಾಲು ಮುಗಿಸಿದಾಗ ತನ್ನದು ಅರ್ಧಕ್ಕೆ ನಿಂತಿರಬಾರದು ಎಂಬ ಹಟ ಎಷ್ಟು ನಿಜವೋ, ಎಲ್ಲರಿಗಿಂತ ಮುಂದೆ ಓಡಿ ಉಳಿದವರಿಗೆ ಬೈಸಬಾರದು ಎಂಬ ಎಚ್ಚರವೂ ಅಷ್ಟೇ ನಿಜ.

ಲೈನ್ ಮನೆಯ ಎರಡು ಮುಖ

ಸ್ವಾತಂತ್ರ್ಯದ ಮುನ್ನಾ ವರ್ಷಗಳಲ್ಲಿ ಡಿ.ವಿ. ರೇಗೆ ಅವರು ದೇಶದ ತೋಟಗಳ ಕಾರ್ಮಿಕರ ಸ್ಥಿತಿಯನ್ನು ಪರಿಶೀಲಿಸಿ 1946ರಲ್ಲಿ ವರದಿ ಕೊಟ್ಟರು. ಮುಂದೆ 1951ರಲ್ಲಿ ಸಂಸತ್ತು ತೋಟ ಕಾರ್ಮಿಕರ ಕಾಯ್ದೆ ಮಾಡಿತು. 1954ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಕುಡಿಯುವ ನೀರು, ವಸತಿ, ವೈದ್ಯಕೀಯ ನೆರವು, 50 ಅಥವಾ ಹೆಚ್ಚು ಹೆಣ್ಣಾಳುಗಳಿದ್ದರೆ ಕೂಸುಗಳನ್ನು ನೋಡಿಕೊಳ್ಳುವ ಮನೆ, ವಾರಕ್ಕೊಂದು ರಜೆ, ವಾರದ ಕೆಲಸಕ್ಕೆ ಮಿತಿ ಇವೆಲ್ಲ ಮಾಲೀಕನ ದಯೆಯ ವಿಷಯಗಳಾಗಿದ್ದವು, ಈಗ ಹಕ್ಕಾದವು. ಮೊದಲು ವಾರಕ್ಕೆ 54 ಗಂಟೆ ಇದ್ದ ಮಿತಿ ಮುಂದೆ 48 ಗಂಟೆಗೆ ಇಳಿಯಿತು. ಜೀತದ ಸಾಲಗಳನ್ನು 1976ರ ಕಾಯ್ದೆ ರದ್ದು ಮಾಡಿತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಕಾರ್ಮಿಕ ಸುರಕ್ಷತೆಯ ಸಂಹಿತೆಯೊಳಗೆ 1951ರ ಕಾಯ್ದೆಯನ್ನು ಸೇರಿಸಲಾಯಿತು.

ಹರ್ಜ್‌ಬರ್ಗ್ 1959ರಲ್ಲಿ ಮಂಡಿಸಿದ ಸಿದ್ಧಾಂತವನ್ನು ಇಲ್ಲಿ ಇಟ್ಟು ನೋಡಬಹುದು. ಅವನ ಪ್ರಕಾರ ಸಂಬಳ, ಕೆಲಸದ ಪರಿಸ್ಥಿತಿ, ಮೇಲಧಿಕಾರಿಯ ನಡತೆ ಮುಂತಾದವು ಕೆಟ್ಟಿದ್ದರೆ ಅತೃಪ್ತಿ ಹುಟ್ಟುತ್ತದೆ. ಅವು ಸರಿಯಾದರೆ ಅತೃಪ್ತಿ ಹೋಗುತ್ತದೆ, ಅಷ್ಟೆ. ಉತ್ಸಾಹ ಹುಟ್ಟುವುದು ಸಾಧನೆ, ಮನ್ನಣೆ, ಹೊಣೆಗಾರಿಕೆ ಇವುಗಳಿಂದ. ಆದರೆ ಹರ್ಜ್‌ಬರ್ಗ್ ಮಾತನಾಡಿಸಿದ್ದು ಪಿಟ್ಸ್‌ಬರ್ಗ್ ಪ್ರದೇಶದ ಸುಮಾರು 200 ಎಂಜಿನಿಯರುಗಳು ಮತ್ತು ಲೆಕ್ಕಿಗರನ್ನು. ಅವರು ಸಂಜೆ ಕೆಲಸ ಬಿಟ್ಟು ತಮ್ಮ ಮನೆಗೆ ಹೋಗುವವರು. ಲೈನ್ ಮನೆಯ ಕುಟುಂಬಕ್ಕೆ ಮನೆಯೂ ತೋಟದ್ದೇ. ಕೆಲಸ ಹೋದರೆ ಸೂರೂ ಹೋಗುತ್ತದೆ. ನಿವೃತ್ತಿಯ ವಯಸ್ಸಿಗೆ ಬಂದ ದಂಪತಿ ಮನೆ ಉಳಿಸಿಕೊಳ್ಳಲು ಮಗನನ್ನೋ ಸೊಸೆಯನ್ನೋ ಹಾಜರಿ ಪುಸ್ತಕಕ್ಕೆ ಸೇರಿಸಬೇಕು. ಶಾಲೆಯಲ್ಲಿ ಚುರುಕಾಗಿದ್ದ ಹುಡುಗಿ ಸೊಂಟಕ್ಕೆ ಬುಟ್ಟಿ ಕಟ್ಟುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಮುಂಗಡದ ಹಗ್ಗ ಕಳಚಿದ ಮೇಲೆ ವಸತಿಯೇ ಇನ್ನೊಂದು ಹಗ್ಗವಾಯಿತು. ಮನೆ ಎಂಬುದು ಇಲ್ಲಿ ಸೌಲಭ್ಯ, ಭದ್ರತೆ, ಬಂಧನ ಮೂರೂ ಆಗಿತ್ತು.

ಕಾಯ್ದೆಗೆ ಇನ್ನೊಂದು ಮಿತಿಯೂ ಇತ್ತು. ಅದು ಮೊದಲು 25 ಎಕರೆಗೆ ಮೇಲ್ಪಟ್ಟ, 1980ರ ದಶಕದ ತಿದ್ದುಪಡಿಯ ನಂತರ 5 ಹೆಕ್ಟೇರಿಗೆ ಮೇಲ್ಪಟ್ಟ ತೋಟಗಳಿಗೆ ಅನ್ವಯಿಸುತ್ತಿತ್ತು. ದೇಶದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಮಂದಿ 10 ಹೆಕ್ಟೇರಿಗಿಂತ ಕಡಿಮೆ ಹಿಡುವಳಿಯವರು. ಸಕಲೇಶಪುರ ಆಲೂರು ಸೀಮೆಯ ಅನೇಕ ತೋಟಗಳೂ ಸಣ್ಣವೇ. ಅಂಥ ಕಡೆ ಒಡೆಯನೂ ಆಳಿನ ಜೊತೆ ಕತ್ತಿ ಹಿಡಿಯುತ್ತಾನೆ, ಮನೆಯಾಕೆ ಕಾಫಿ ಕಾಸಿ ಕೊಡುತ್ತಾಳೆ, ಹೆಸರು ಹಿಡಿದು ಮಾತನಾಡಿಸುತ್ತಾಳೆ. ಮೇಯೊ ಹೇಳಿದ ಆತ್ಮೀಯತೆ ಅಲ್ಲಿ ಹೆಚ್ಚು, ಕಾಯ್ದೆ ಕೊಟ್ಟ ಸೌಲಭ್ಯ ಕಡಿಮೆ. ದೊಡ್ಡ ಎಸ್ಟೇಟಿನಲ್ಲಿ ಇದು ತಿರುಗುಮುರುಗು. ಆಳಿಗೆ ಎರಡೂ ಬೇಕು, ಒಂದನ್ನು ಕೊಟ್ಟು ಇನ್ನೊಂದನ್ನು ಮರೆಸಲಾಗದು.

ಹೆಣ್ಣಾಳಿನ ಲೆಕ್ಕ

ಕಾಫಿ ಕೊಯ್ಲಿನಲ್ಲಿ ಹೆಣ್ಣುಮಕ್ಕಳದೇ ಮೇಲುಗೈ. ಆದರೂ ಗುಂಪಿನ ಹಿಂದೆ ನಿಲ್ಲುವ ಮೇಸ್ತ್ರಿ, ಪುಸ್ತಕ ಬರೆಯುವ ರೈಟರು ಬಹುಪಾಲು ಗಂಡಸರೇ. 1976ರ ಸಮಾನ ವೇತನ ಕಾಯ್ದೆ ಒಂದೇ ಬಗೆಯ ಕೆಲಸಕ್ಕೆ ಒಂದೇ ಕೂಲಿ ಎಂದಿತು. ಆದರೆ ಕೆಲಸವನ್ನೇ ಬೇರೆ ಬೇರೆ ಹೆಸರಿನಿಂದ ಕರೆದರೆ? ಮರಗಸಿ, ಔಷಧಿ ಹೊಡೆಯುವುದು ಗಂಡಾಳಿನ ಕೆಲಸ, ಕೂಲಿ ಹೆಚ್ಚು. ಗೊಬ್ಬರ ಹಾಕುವುದು, ಚಿಗುರು ತೆಗೆಯುವುದು ಹೆಣ್ಣಾಳಿನದು, ಕೂಲಿ ಕಡಿಮೆ. ಮರ ಹತ್ತುವುದು ಅಪಾಯದ ಕೆಲಸ, ಅದಕ್ಕೆ ಹೆಚ್ಚು ಕೊಡುವುದು ನ್ಯಾಯವೇ. ಆದರೆ ಗಿಡದ ಆರೋಗ್ಯ ಗುರುತಿಸುವ ಕಣ್ಣಿಗೆ ಬೆಲೆ ಕಟ್ಟಿದವರು ಕಡಿಮೆ.

ಜಾನ್ ಸ್ಟೇಸಿ ಆಡಮ್ಸ್ ಎಂಬ ಮನಶ್ಶಾಸ್ತ್ರಜ್ಞ 1963ರಲ್ಲಿ ಹೇಳಿದ ಮಾತು ಇಲ್ಲಿ ಸಲ್ಲುತ್ತದೆ. ಕೆಲಸಗಾರ ತನ್ನ ಕೂಲಿ ಎಷ್ಟು ಎಂದು ಮಾತ್ರ ನೋಡುವುದಿಲ್ಲ, ಪಕ್ಕದವನ ದುಡಿಮೆಗೂ ಕೂಲಿಗೂ ಹೋಲಿಸಿ ನೋಡುತ್ತಾನೆ. ಅನ್ಯಾಯ ಎನಿಸಿದರೆ ದುಡಿಮೆಯನ್ನು ತಗ್ಗಿಸಿ ಸರಿಮಾಡಿಕೊಳ್ಳುತ್ತಾನೆ. ಮುಯ್ಯಾಳಿನ ನ್ಯಾಯ ಬಲ್ಲ ನಮ್ಮ ಹಳ್ಳಿಗರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಿಲೋ ಲೆಕ್ಕದ ಕೊಯ್ಲು ಬಂದಾಗ ಹೆಣ್ಣುಮಕ್ಕಳು ಹುರುಪಿನಿಂದ ದುಡಿಯುವುದಕ್ಕೆ ಹಣದ ಆಸೆಯಷ್ಟೇ ಕಾರಣವಲ್ಲ. ವರ್ಷದಲ್ಲಿ ಆ ಕೆಲವು ವಾರ ತಕ್ಕಡಿ ಗಂಡಸು ಹೆಂಗಸು ಎಂದು ನೋಡುವುದಿಲ್ಲ.

ದಾರಿ ತೆರೆದ ಮೇಲೆ

ಬಸ್ಸು ಬಂತು, 1979ರಲ್ಲಿ ಹಾಸನದಿಂದ ಸಕಲೇಶಪುರದ ಮೇಲೆ ಮಂಗಳೂರಿಗೆ ರೈಲು ಬಂತು, ಹಳ್ಳಿ ಹಳ್ಳಿಗೆ ಶಾಲೆ ಬಂತು. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆ, ಹಾಸನದ ಅಂಗಡಿ, ಕಟ್ಟಡದ ಕೆಲಸ ಲೈನ್ ಮನೆಯ ಮಕ್ಕಳನ್ನು ಕರೆದವು. 1999ರ ನಂತರ ಕೆಲವು ವರ್ಷ ಕಾಫಿ ಬೆಲೆ ಕುಸಿದಾಗ ತೋಟದವರೇ ಕಾಯಂ ಆಳುಗಳನ್ನು ಕಡಿಮೆ ಮಾಡಿದರು. ಬೆಲೆ ಚೇತರಿಸಿದಾಗ ಹೋದವರು ಹಿಂದಿರುಗಲಿಲ್ಲ. ಈಗ ಬೆಳಗಿನ ಹೊತ್ತು ಜೀಪು, ಪಿಕಪ್ ಗಾಡಿಗಳಲ್ಲಿ ಊರಿಂದೂರಿಗೆ ಆಳುಗಳ ಗುಂಪು ಹೋಗುತ್ತದೆ. ಹೆಚ್ಚು ಕೂಲಿ ಎಲ್ಲಿ, ದಾರಿ ಸಲೀಸು ಎಲ್ಲಿ, ಮಾಲೀಕನ ಬಾಯಿ ಒಳ್ಳೆಯದು ಎಲ್ಲಿ ಎಂದು ನೋಡಿ ಗಾಡಿ ತಿರುಗುತ್ತದೆ. ಅಸ್ಸಾಂ, ಬಂಗಾಳ, ಜಾರ್ಖಂಡ್ ಕಡೆಯ ಕುಟುಂಬಗಳೂ ಬಂದಿವೆ. ಅವರನ್ನು ಕರೆತರುವವನಿಗೆ ತೋಟದವರು ಮುಂಗಡ ಕೊಡುತ್ತಾರೆ, ಬರುತ್ತಾನೋ ಇಲ್ಲವೋ ಎಂದು ಚಿಂತೆಯನ್ನೂ ಪಡುತ್ತಾರೆ. ಮೇಸ್ತ್ರಿ ಮೊಬೈಲ್ ಹಿಡಿದು ಮರಳಿ ಬಂದಿದ್ದಾನೆ ಎನ್ನಬಹುದು. ಸಾವಿರಾರು ಕಿಲೋಮೀಟರ್ ದೂರದಿಂದ, ಮಾತು ಬಾರದ ಊರಿಗೆ ಬಂದ ಈ ಹೊಸಬರಿಗೆ ಬಿಟ್ಟು ಹೋಗುವ ದಾರಿ ಎಷ್ಟು ತೆರೆದಿದೆ ಎಂಬ ಹಳೆಯ ಪ್ರಶ್ನೆಯೂ ಅವನ ಜೊತೆಗೇ ಬಂದಿದೆ.

ಇದರ ಮೇಲೆ ಆನೆಯ ಭಯ. ಸಕಲೇಶಪುರ ಆಲೂರು ಭಾಗದಲ್ಲಿ ಆನೆ ಮತ್ತು ಮನುಷ್ಯರ ಸಂಘರ್ಷ ಎಷ್ಟು ತೀವ್ರವಾಯಿತೆಂದರೆ, ಆನೆ ಕಾರ್ಯಪಡೆಯ 2012ರ ವರದಿಯ ನಂತರ 2014ರಲ್ಲಿ ಇಲ್ಲಿಂದ 22 ಆನೆಗಳನ್ನು ಹಿಡಿದು ಸಾಗಿಸಲಾಯಿತು. ಸಮಸ್ಯೆ ಅಲ್ಲಿಗೆ ಮುಗಿಯಲಿಲ್ಲ. ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ಹೊರಟ ಆಳುಗಳು ಪ್ರಾಣ ಕಳೆದುಕೊಂಡ ಘಟನೆಗಳು ನಡೆಯುತ್ತಲೇ ಇವೆ. ಮನುಷ್ಯನ ಅಗತ್ಯಗಳು ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ, ಅನ್ನದ ನಂತರ ಸುರಕ್ಷತೆ, ಅದಾದ ಮೇಲೆ ಸ್ನೇಹ, ಗೌರವ, ಆತ್ಮಸಾಕ್ಷಾತ್ಕಾರ ಎಂದು ಮ್ಯಾಸ್ಲೊ 1943ರಲ್ಲಿ ಬರೆದ. ಆನೆ ಎಲ್ಲಿದೆ ಎಂದು ಮೊಬೈಲಿಗೆ ಬರುವ ಸಂದೇಶ ಓದಿ, ಹೊತ್ತೇರಿದ ಮೇಲೆ ಕೆಲಸಕ್ಕೆ ಕಳಿಸುವ ಮಾಲೀಕ ಎರಡನೆಯ ಮೆಟ್ಟಿಲನ್ನು ಗೌರವಿಸಿದ್ದಾನೆ. ಹಳೆಯ ವೇಳೆಗೇ ಗಂಟೆ ಬಾರಿಸುವವನ ತೋಟಕ್ಕೆ ಮರುದಿನ ಗಾಡಿ ಬಾರದಿರಬಹುದು.

ಆಳು ಸಿಗುತ್ತಿಲ್ಲ ಎಂಬುದು ಇಂದು ಕಾಫಿ ಸೀಮೆಯ ಪ್ರತಿ ಜಗಲಿಯ ಮಾತು. ಜನ ಸೋಮಾರಿಗಳಾದರು ಎಂಬ ತೀರ್ಪು ಅದರ ಹಿಂದೆಯೇ ಬರುತ್ತದೆ. 1850ರ ದಶಕದಲ್ಲೂ ಆಳು ಸಿಗುತ್ತಿರಲಿಲ್ಲ ಎಂಬುದನ್ನು ನೆನೆಯಬೇಕು. ಅಂದಿನಿಂದ ಇಂದಿನವರೆಗಿನ ನಡುವಿನ ಕಾಲದಲ್ಲಿ ಆಳು ಸುಲಭವಾಗಿ ಸಿಕ್ಕಿದ್ದರೆ ಅದಕ್ಕೆ ಸಾಲ, ಸಜೆ, ಸೂರು ಈ ಮೂರರ ಪಾಲು ದೊಡ್ಡದು. ಪ್ರೇರಣೆಯ ಸಿದ್ಧಾಂತಗಳೆಲ್ಲ ಒಂದು ವಿಷಯವನ್ನು ಹೇಳದೆಯೇ ಒಪ್ಪಿಕೊಂಡು ಆರಂಭವಾಗುತ್ತವೆ. ಕೆಲಸಗಾರ ಬೇಡವೆನಿಸಿದರೆ ಎದ್ದು ಹೋಗಬಲ್ಲ ಎಂಬುದೇ ಆ ವಿಷಯ. ನಮ್ಮ ತೋಟಗಳಲ್ಲಿ ಆ ಸ್ಥಿತಿ ಬಂದದ್ದು ತೀರ ಈಚೆಗೆ, ಅದೂ ಎಲ್ಲರಿಗೂ ಅಲ್ಲ. ಆದ್ದರಿಂದ ಟೇಲರನ ಲೆಕ್ಕ, ಮೇಯೊನ ಆತ್ಮೀಯತೆ, ಹರ್ಜ್‌ಬರ್ಗನ ಮನ್ನಣೆ ಇವುಗಳ ನಿಜವಾದ ಪರೀಕ್ಷೆ ಸಕಲೇಶಪುರದ ಬೆಟ್ಟಗಳಲ್ಲಿ ಆರಂಭವಾಗುತ್ತಿರುವುದು ಈಗ. ಬಟವಾಡೆಯ ದಿನ ಹಣ ಎಣಿಸಿಕೊಂಡ ಹೆಣ್ಣಾಳು ಸೋಮವಾರ ಮತ್ತೆ ಅದೇ ತೋಟದ ಗೇಟಿಗೆ ಬಂದಳೇ ಎಂಬುದೇ ಆ ಪರೀಕ್ಷೆಯ ಫಲಿತಾಂಶ.